ಕಿಡ್ನಿ ಕಸಿಯಾದ ಹೆಣ್ಣುಮಗಳು ತಾಯಿಯಾಗಬಹುದೇ?

ಕಿಡ್ನಿ ಕಸಿ ಮಾಡಿಸಿಕೊಂಡು ಮನೆಗೆ ಮರಳಿದ ಹೆಣ್ಣುಮಗಳನ್ನು ನೋಡಲು ಹೋದವರು ಅವಳ ಮುಂದೆ ಕೇಳದೆ, ಹೊರಗೆ ಜಗಲಿಗೆ ಬಂದು ಅವಳ ತಾಯಿಯ ಹತ್ತಿರ ಮೆಲ್ಲನೆ ಕೇಳುವ ಪ್ರಶ್ನೆಯೊಂದಿದೆ: ಇನ್ನು ಇವಳಿಗೆ ಮಕ್ಕಳಾಗುತ್ತವೆಯೇ? ಇದಕ್ಕೆ ಎರಡು ಉತ್ತರಗಳು ಚಾಲ್ತಿಯಲ್ಲಿವೆ. "ಜೀವ ಉಳಿದದ್ದೇ ದೊಡ್ಡದು, ಮಕ್ಕಳ ಮಾತು ಎಲ್ಲಿಂದ" ಎನ್ನುವುದು ಒಂದು. "ದೇವರು ಕೊಟ್ಟರೆ ಆಗುತ್ತದೆ, ನೋಡೋಣ" ಎನ್ನುವುದು ಇನ್ನೊಂದು. ಮೊದಲನೆಯದು ತಪ್ಪು. ಎರಡನೆಯದು ತಪ್ಪಲ್ಲದಿದ್ದರೂ ಅದರಲ್ಲಿ ಅಪಾಯವಿದೆ. ಏಕೆಂದರೆ ಈ ಬಸಿರು "ನೋಡೋಣ" ಎಂದು ಬಿಟ್ಟುಬಿಡುವಂಥದ್ದಲ್ಲ, ತಿಂಗಳುಗಳ ಮೊದಲೇ ಸಿದ್ಧತೆ ಮಾಡಿಕೊಳ್ಳಬೇಕಾದದ್ದು.

ನಮ್ಮ ಕರಾವಳಿಯಲ್ಲಿ ಮಂಗಳೂರು, ಮಣಿಪಾಲಗಳ ದೊಡ್ಡ ಆಸ್ಪತ್ರೆಗಳು ಹತ್ತಿರವಿರುವುದರಿಂದ ಕಿಡ್ನಿಯ ವೈದ್ಯರೂ ಹೆರಿಗೆಯ ವೈದ್ಯರೂ ಅನೇಕ ವೇಳೆ ಒಂದೇ ಆವರಣದಲ್ಲಿ ಸಿಗುತ್ತಾರೆ. ಆದರೆ ಇಲ್ಲಿಂದ ಘಟ್ಟ ಹತ್ತಿ ಹೋಗಿ ಮಂಡ್ಯ, ಮದ್ದೂರು, ಮಳವಳ್ಳಿ ಕಡೆ ಶಾಲೆ, ದವಾಖಾನೆ, ಸಮಾಜಸೇವೆಯ ಕೆಲಸ ಮಾಡುವ ಸಿಸ್ಟರ್‌ಗಳಿಗೂ ದಾದಿಯರಿಗೂ ಪರಿಸ್ಥಿತಿ ಬೇರೆ. ಅಲ್ಲಿಯ ಹೆಣ್ಣುಮಗಳಿಗೆ ಕಸಿ ಆಗುವುದು ಬೆಂಗಳೂರಿನಲ್ಲಿ ಅಥವಾ ಮೈಸೂರಿನಲ್ಲಿ. ಹೆರಿಗೆಗೆ ಹೆಸರು ಬರೆಸುವುದು ತನ್ನ ತಾಲ್ಲೂಕಿನಲ್ಲಿ. ಈ ಎರಡರ ನಡುವೆ ಕಾಗದ ಹೊತ್ತು ಓಡಾಡುವವಳು ಅವಳೇ. ಆದ್ದರಿಂದ ಆ ಮೂರು ಊರುಗಳನ್ನು ಮನಸ್ಸಿನಲ್ಲಿಟ್ಟುಕೊಂಡೇ ಈ ಲೇಖನ ಬರೆಯುತ್ತಿದ್ದೇವೆ. ಅನ್ವಯವಾಗುವ ಮಟ್ಟಿಗೆ ಇದು ನಮ್ಮೂರಿನವರಿಗೂ ಸೇರಿದ್ದು.

ಕಸಿಯಾದ ನಂತರ ತಾಯ್ತನ ಹೊಸ ಸಂಗತಿಯಲ್ಲ. ಅಮೆರಿಕದ ಓಕ್ಲಹಾಮ ರಾಜ್ಯದ ಎಡಿತ್ ಹೆಲ್ಮ್ ಎಂಬ ಯುವತಿಗೆ 1956ರ ಮೇ ತಿಂಗಳಲ್ಲಿ ಬೋಸ್ಟನ್ ನಗರದಲ್ಲಿ ಡಾ. ಜೋಸೆಫ್ ಮರ್ರೆಯವರು ಅವಳ ಅವಳಿ ಸಹೋದರಿಯ ಕಿಡ್ನಿಯನ್ನು ಕಸಿ ಮಾಡಿದರು. 1958ರ ಮಾರ್ಚಿಯಲ್ಲಿ ಎಡಿತ್ ಗಂಡುಮಗುವಿಗೆ ಜನ್ಮವಿತ್ತರು. ಕಸಿಯಾದ ತಾಯಿಯೊಬ್ಬಳು ಹೆತ್ತ ಮೊದಲ ಮಗು ಅದು. ಆಮೇಲೂ ಅದೇ ಕಿಡ್ನಿಯೊಂದಿಗೆ ಅವರು ಅರ್ಧ ಶತಮಾನಕ್ಕೂ ಮಿಕ್ಕಿ ಬಾಳಿದರು. ಕಥೋಲಿಕರಾಗಿದ್ದ ಡಾ. ಮರ್ರೆಯವರಿಗೆ 1990ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ನಮ್ಮ ದೇಶದಲ್ಲಿ ವೆಲ್ಲೂರಿನ ಸಿಎಂಸಿ ಆಸ್ಪತ್ರೆ 1971ರಲ್ಲಿ ಕಿಡ್ನಿ ಕಸಿಯಲ್ಲಿ ಯಶಸ್ಸು ಕಂಡಿತು. ಹೀಗೆ ಕಸಿ ಅರ್ಧ ಶತಮಾನದಿಂದ ನಮ್ಮ ನಡುವೆಯೇ ಇದೆ.

ಎಡಿತ್ ಅವರ ಕಥೆಯನ್ನು ಹೇಳುವಾಗ ಒಂದು ಮಾತನ್ನು ಬಿಡಬಾರದು. ಕಿಡ್ನಿ ಕೊಟ್ಟವಳು ಒಂದೇ ರೂಪದ ಅವಳಿಯಾದ್ದರಿಂದ ಎಡಿತ್ ಅವರ ದೇಹ ಅದನ್ನು ಪರಕೀಯವೆಂದು ತಿಳಿಯಲಿಲ್ಲ. ದೇಹದ ರೋಧಶಕ್ತಿಯನ್ನು ತಗ್ಗಿಸುವ ಮಾತ್ರೆಗಳ ಹಂಗು ಅವರಿಗಿರಲಿಲ್ಲ. ತಾಯಿಯಿಂದಲೋ ಗಂಡನಿಂದಲೋ ಮೆದುಳು ನಿಷ್ಕ್ರಿಯಗೊಂಡ ದಾನಿಯಿಂದಲೋ ಕಿಡ್ನಿ ಪಡೆದವರು ಜೀವಮಾನವಿಡೀ ಆ ಮಾತ್ರೆಗಳನ್ನು ನುಂಗಬೇಕು. ಈ ಬಸಿರಿನ ಕಷ್ಟವೆಲ್ಲ ಹೆಚ್ಚಾಗಿ ಆ ಮಾತ್ರೆಗಳ ಸುತ್ತಲೇ ಇದೆ.

ಮೊದಲು ಮುಟ್ಟಿನ ವಿಷಯ. ಕಿಡ್ನಿ ಕೆಟ್ಟು ಡಯಾಲಿಸಿಸ್‌ನಲ್ಲಿರುವ ಅನೇಕ ಹೆಣ್ಣುಮಕ್ಕಳಿಗೆ ಮುಟ್ಟು ನಿಂತಿರುತ್ತದೆ ಅಥವಾ ಹೊತ್ತುಗೊತ್ತಿಲ್ಲದೆ ಬರುತ್ತದೆ. ಹೊಸ ಕಿಡ್ನಿ ಕೆಲಸ ಆರಂಭಿಸಿದ ಕೆಲವೇ ತಿಂಗಳುಗಳಲ್ಲಿ, ಕೆಲವರಿಗೆ ಒಂದೆರಡು ತಿಂಗಳಲ್ಲೇ, ಅದು ಮರಳುತ್ತದೆ. ಅಂಡ ಬಿಡುಗಡೆಯಾದ ನಂತರವೇ ಮುಟ್ಟು ಬರುವುದರಿಂದ, ಮೊದಲ ಮುಟ್ಟನ್ನು ಕಾಣುವ ಮುಂಚೆಯೇ ಬಸಿರು ನಿಲ್ಲಬಹುದು. "ವರ್ಷಗಟ್ಟಲೆ ಮುಟ್ಟೇ ಇರಲಿಲ್ಲ, ನನಗೆಲ್ಲಿ ಬಸಿರು" ಎಂದುಕೊಂಡವರು ಮೋಸಹೋಗುವುದು ಇಲ್ಲೇ. ಕಸಿಯಾಗಿ ಕನಿಷ್ಠ ಒಂದು ವರ್ಷ ಬಸಿರು ಬೇಡ ಎಂಬುದು ಅಮೆರಿಕದ ಕಸಿ ತಜ್ಞರು 2005ರಲ್ಲಿ ಒಮ್ಮತಕ್ಕೆ ಬಂದ ಸಲಹೆ. ಎರಡು ವರ್ಷ ಕಾಯಿರಿ ಎನ್ನುವ ವೈದ್ಯರೂ ಇದ್ದಾರೆ. ನೈಸರ್ಗಿಕ ವಿಧಾನವನ್ನು ಅನುಸರಿಸುವ ನಮ್ಮ ದಂಪತಿಗಳು ಒಂದು ವಿಷಯ ಗಮನಿಸಬೇಕು: ಕಸಿಯ ನಂತರದ ತಿಂಗಳುಗಳಲ್ಲಿ ಚಕ್ರ ಸ್ಥಿರವಾಗಿರುವುದಿಲ್ಲ, ದಿನ ಎಣಿಸುವ ಲೆಕ್ಕ ಅಲ್ಲಿ ಕೈಕೊಡುತ್ತದೆ. ತಮ್ಮ ಮನಸ್ಸಿನಲ್ಲಿರುವುದನ್ನು ಸಂಕೋಚವಿಲ್ಲದೆ ವೈದ್ಯರಿಗೆ ಹೇಳಿ, ಆ ಸಮಯವನ್ನು ಹೇಗೆ ಕಳೆಯಬೇಕೆಂದು ಗಂಡಹೆಂಡಿರಿಬ್ಬರೂ ಕುಳಿತು ಕೇಳುವುದು ಒಳ್ಳೆಯದು. ಹೆಂಡತಿಯನ್ನು ಒಬ್ಬಳನ್ನೇ ಕಳಿಸಿ ಗಂಡ ಹೊರಗೆ ಬೈಕಿನ ಹತ್ತಿರ ನಿಲ್ಲುವುದನ್ನು ನಾವು ಬೇಕಾದಷ್ಟು ಕಂಡಿದ್ದೇವೆ.

ಒಂದು ವರ್ಷ ಕಳೆದ ಮಾತ್ರಕ್ಕೆ ಅನುಮತಿ ಸಿಕ್ಕಿತೆಂದಲ್ಲ. ಕಿಡ್ನಿ ವೈದ್ಯರು ನೋಡುವುದೇನೆಂದರೆ, ಕ್ರಿಯಾಟಿನಿನ್ 1.5 ಮಿಲಿಗ್ರಾಂಗಿಂತ ಕಡಿಮೆಯಿದ್ದು ಏರುಪೇರಿಲ್ಲದೆ ನಿಂತಿದೆಯೇ, ಕಳೆದ ಒಂದು ವರ್ಷದಲ್ಲಿ ದೇಹ ಕಿಡ್ನಿಯನ್ನು ತಿರಸ್ಕರಿಸುವ ಪ್ರಸಂಗ ನಡೆದಿದೆಯೇ, ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದೆಯೇ, ಬಿಪಿ ಹತೋಟಿಯಲ್ಲಿದೆಯೇ, ಮಗುವಿಗೆ ತೊಂದರೆ ಕೊಡುವ ಸೋಂಕು ಯಾವುದಾದರೂ ಇದೆಯೇ ಎಂಬುದನ್ನು. ಇವೆಲ್ಲ ಸರಿಯಿದ್ದರೆ ಬಸಿರಿನಿಂದ ಕಿಡ್ನಿಯ ಆಯುಸ್ಸು ಸಾಮಾನ್ಯವಾಗಿ ಕಡಿಮೆಯಾಗುವುದಿಲ್ಲ. ಸರಿಯಿಲ್ಲದಿದ್ದರೆ ಮಗು ಬರುವ ಮುಂಚೆಯೋ ಬಂದ ಮೇಲೆಯೋ ತಾಯಿ ಪುನಃ ಡಯಾಲಿಸಿಸ್‌ಗೆ ಮರಳುವ ಸಂಭವವಿದೆ. ಮೊದಲು ಕಿಡ್ನಿ ಕೆಟ್ಟದ್ದು ಯಾಕೆ ಎಂಬುದನ್ನೂ ಕೇಳಿಕೊಳ್ಳಬೇಕು. ಕಿಡ್ನಿಯಲ್ಲಿ ನೀರ್ಗುಳ್ಳೆ ತುಂಬುವ ವಂಶಪಾರಂಪರ್ಯ ಕಾಯಿಲೆ, ಅಂದರೆ ದೊಡ್ಡವರಲ್ಲಿ ಕಾಣುವ ಪಾಲಿಸಿಸ್ಟಿಕ್ ಕಿಡ್ನಿ, ತಂದೆ ಅಥವಾ ತಾಯಿಯಲ್ಲಿದ್ದರೆ ಪ್ರತಿ ಮಗುವಿಗೂ ಬರುವ ಸಂಭವ ಅರ್ಧಕ್ಕರ್ಧ.

ಈಗ ಮಾತ್ರೆಗಳ ವಿಷಯ. ಓದುಗರು ಇದನ್ನು ನಿಧಾನವಾಗಿ ಓದಬೇಕೆಂದು ವಿನಂತಿ.

ಕಸಿಯಾದವರು ಸಾಧಾರಣವಾಗಿ ಮೂರು ಔಷಧಿ ತೆಗೆದುಕೊಳ್ಳುತ್ತಾರೆ: ಟ್ಯಾಕ್ರೋಲಿಮಸ್, ಮೈಕೋಫಿನೊಲೇಟ್, ಪ್ರೆಡ್ನಿಸೊಲೋನ್. ಇವುಗಳಲ್ಲಿ ಮೈಕೋಫಿನೊಲೇಟ್ ಹೊಟ್ಟೆಯಲ್ಲಿರುವ ಶಿಶುವಿಗೆ ನೇರವಾದ ಹಾನಿ ಮಾಡುತ್ತದೆ. ಇದನ್ನು ನುಂಗುತ್ತಿರುವಾಗಲೇ ನಿಂತ ಬಸಿರುಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಗರ್ಭಪಾತವಾಗಿರುವುದೂ, ಬದುಕಿ ಹುಟ್ಟಿದ ಶಿಶುಗಳಲ್ಲಿ ಸುಮಾರು ನಾಲ್ಕರಲ್ಲಿ ಒಂದಕ್ಕೆ ಕಿವಿ ಬೆಳೆಯದಿರುವುದು, ಸೀಳುತುಟಿ, ಹೃದಯದ ದೋಷ ಮೊದಲಾದವು ಕಂಡುಬಂದಿರುವುದೂ ದಾಖಲಾಗಿವೆ. ಆದ್ದರಿಂದ ಬಸಿರಿಗೆ ಪ್ರಯತ್ನಿಸುವ ಕನಿಷ್ಠ ಆರು ವಾರ ಮೊದಲು ವೈದ್ಯರು ಇದನ್ನು ನಿಲ್ಲಿಸಿ ಅದರ ಬದಲು ಅಜಾಥಯೊಪ್ರಿನ್ ಕೊಡುತ್ತಾರೆ. ಹೊಸ ಮಾತ್ರೆಯಲ್ಲಿ ಕಿಡ್ನಿ ಸ್ಥಿರವಾಗಿ ನಿಲ್ಲುತ್ತದೆಯೇ ಎಂದು ಕೆಲವು ತಿಂಗಳು ನೋಡಿದ ಮೇಲೆಯೇ ಪ್ರಯತ್ನಕ್ಕೆ ಒಪ್ಪಿಗೆ. ಸಿರೊಲಿಮಸ್, ಎವರೊಲಿಮಸ್ ಇದ್ದರೆ ಅವನ್ನೂ ಬದಲಿಸುತ್ತಾರೆ. ಟ್ಯಾಕ್ರೋಲಿಮಸ್, ಸೈಕ್ಲೋಸ್ಪೊರಿನ್, ಪ್ರೆಡ್ನಿಸೊಲೋನ್, ಅಜಾಥಯೊಪ್ರಿನ್ ಬಸಿರಿನಲ್ಲೂ ಮುಂದುವರಿಯುತ್ತವೆ. ಬಿಪಿಗೆ ಕೊಡುವ ಎನಲಾಪ್ರಿಲ್, ರಾಮಿಪ್ರಿಲ್, ಲೋಸಾರ್ಟನ್, ಟೆಲ್ಮಿಸಾರ್ಟನ್ ಜಾತಿಯ ಮಾತ್ರೆಗಳು ಮಗುವಿನ ಕಿಡ್ನಿಯನ್ನೇ ಕೆಡಿಸುತ್ತವೆ. ಅವುಗಳ ಜಾಗಕ್ಕೆ ಲ್ಯಾಬೆಟಲಾಲ್, ನಿಫೆಡಿಪಿನ್ ಅಥವಾ ಮೀಥೈಲ್‌ಡೋಪ ಬರುತ್ತದೆ. ಔಷಧಿಯ ಪಟ್ಟಿಯ ಮೇಲೆ ದೊಡ್ಡ ಅಕ್ಷರದಲ್ಲಿರುವುದು ಕಂಪೆನಿ ಇಟ್ಟ ಹೆಸರು, ನಿಜವಾದ ಔಷಧಿಯ ಹೆಸರು ಕೆಳಗೆ ಚಿಕ್ಕದಾಗಿರುತ್ತದೆ. ಮನೆಗೆ ಭೇಟಿ ಕೊಡುವ ಸಿಸ್ಟರ್‌ಗಳು ಆ ಚಿಕ್ಕ ಅಕ್ಷರವನ್ನು ಓದಿ ನೋಡಬೇಕು.

ಗಂಡನಿಗೆ ಕಸಿಯಾಗಿ ಅವನು ಮೈಕೋಫಿನೊಲೇಟ್ ತೆಗೆದುಕೊಳ್ಳುತ್ತಿದ್ದರೆ ಈ ಮಟ್ಟದ ಭಯವಿಲ್ಲ. ಅಂಥ ತಂದೆಯರ ಮಕ್ಕಳಲ್ಲಿ ದೋಷ ಹೆಚ್ಚಿದೆಯೆಂದು ಕಂಡುಬಂದಿಲ್ಲ. ಆದರೂ ವೈದ್ಯರಿಗೆ ತಿಳಿಸಿರಬೇಕು.

ಇನ್ನು ಹೇಳದೆಯೇ ಬಸಿರು ನಿಂತುಬಿಟ್ಟರೆ? ಮಳವಳ್ಳಿ ತಾಲ್ಲೂಕಿನ ಒಂದು ಹಳ್ಳಿಯ ಇಪ್ಪತ್ತಾರು ವರ್ಷದ ಹೆಣ್ಣುಮಗಳನ್ನು ಊಹಿಸಿಕೊಳ್ಳಿ. ಮುಟ್ಟು ಹದಿನೈದು ದಿನ ತಡವಾಗಿದೆ. ಅತ್ತೆಗೆ ಸಂತೋಷ, ಜೊತೆಗೆ ಹೆದರಿಕೆ. "ಅಷ್ಟೊಂದು ಮಾತ್ರೆ ನುಂಗಿದ್ರೆ ಮಗೀಗೆ ಏನಾದ್ರೂ ಆಗ್ಬುಡ್ತದೆ ಕಣವ್ವ, ಒಂದೆರಡು ತಿಂಗ್ಳು ನಿಲ್ಸು" ಎಂದು ಪ್ರೀತಿಯಿಂದಲೇ ಹೇಳುತ್ತಾರೆ. ಅವಳು ಎಲ್ಲ ಮಾತ್ರೆಗಳನ್ನೂ ನಿಲ್ಲಿಸುತ್ತಾಳೆ. ಹಾಗೆ ಮಾಡಿದರೆ ಕೆಲವೇ ವಾರಗಳಲ್ಲಿ ದೇಹ ಕಿಡ್ನಿಯನ್ನು ತಿರಸ್ಕರಿಸಲು ತೊಡಗಬಹುದು. ಕಿಡ್ನಿ ಹೋದರೆ ಮಗು ಉಳಿಯುವುದೂ ಕಷ್ಟ. ಬದಲಿಸಬೇಕಾದದ್ದು ಒಂದೋ ಎರಡೋ ಮಾತ್ರೆ, ಅದನ್ನು ಬದಲಿಸಬೇಕಾದವರು ಕಿಡ್ನಿಯ ವೈದ್ಯರು. ಮುಟ್ಟು ತಪ್ಪಿದ ದಿನವೇ ಕಸಿ ಮಾಡಿದ ಆಸ್ಪತ್ರೆಗೆ ಫೋನ್ ಮಾಡಿ, ತಾನು ತೆಗೆದುಕೊಳ್ಳುವ ಪ್ರತಿಯೊಂದು ಮಾತ್ರೆಯ ಹೆಸರನ್ನೂ ಓದಿ ಹೇಳಿ, ಯಾವುದನ್ನು ಇಂದೇ ಬಿಡಬೇಕು, ಅದಕ್ಕೆ ಬದಲು ಏನು ಎಂದು ಕೇಳಬೇಕು. ಬೈಸಿಕೊಳ್ಳುವ ಭಯದಿಂದ ಮೂರು ತಿಂಗಳು ಮುಚ್ಚಿಟ್ಟರೆ, ಮಗುವಿನ ಅಂಗಾಂಗ ರೂಪುಗೊಳ್ಳುವ ಸಮಯವೆಲ್ಲ ಕಳೆದುಹೋಗಿರುತ್ತದೆ. ಮೈಕೋಫಿನೊಲೇಟ್ ತೆಗೆದುಕೊಳ್ಳುತ್ತಿದ್ದಾಗ ಬಸಿರಾದ ಎಲ್ಲ ಶಿಶುಗಳಿಗೂ ದೋಷ ಬರುತ್ತದೆಂದೇನೂ ಇಲ್ಲ. ಅಂಥ ತಾಯಿಯ ಎದುರು ಅವಸರದ ತೀರ್ಪು ಕೊಡುವ ಕೆಲಸ ನೆರೆಯವರದ್ದಲ್ಲ.

ನಾಟಿ ಔಷಧಿ, ಬೇರಿನ ಕಷಾಯ ಇವುಗಳನ್ನು ಕಿಡ್ನಿ ವೈದ್ಯರಿಗೆ ಹೇಳದೆ ಕೊಡಬಾರದು. ಚಕ್ಕೋತದಂಥ ಹಣ್ಣು ಕೂಡ ರಕ್ತದಲ್ಲಿ ಟ್ಯಾಕ್ರೋಲಿಮಸ್ ಮಟ್ಟವನ್ನು ಏರಿಸಬಲ್ಲದು. ಎರಿಥ್ರೊಮೈಸಿನ್ ಏರಿಸುತ್ತದೆ, ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಇಳಿಸುತ್ತದೆ. ಮೈಕೈ ನೋವಿಗೆಂದು ಮೆಡಿಕಲ್ ಶಾಪಿನಲ್ಲಿ ಕೇಳಿದ ತಕ್ಷಣ ಕೊಡುವ ಡೈಕ್ಲೋಫಿನಾಕ್, ಐಬುಪ್ರೊಫೆನ್ ಕಿಡ್ನಿಗೆ ಒಳ್ಳೆಯದಲ್ಲ.

ಬಸಿರಿನ ತಿಂಗಳುಗಳಲ್ಲಿ ಏನಾಗುತ್ತದೆ ಎಂಬುದಕ್ಕೆ ಅಂಕಿಅಂಶಗಳಿವೆ. ಹಲವು ದೇಶಗಳಲ್ಲಿ ಕಿಡ್ನಿ ಕಸಿಯಾದ ತಾಯಂದಿರ 4,706 ಬಸಿರುಗಳನ್ನು ಒಟ್ಟುಗೂಡಿಸಿದ ಅಧ್ಯಯನವೊಂದು 2011ರಲ್ಲಿ ಪ್ರಕಟವಾಯಿತು. ಅದರಲ್ಲಿ ನೂರಕ್ಕೆ 73ರಷ್ಟು ಬಸಿರುಗಳು ಜೀವಂತ ಶಿಶುವಿನಲ್ಲಿ ಮುಗಿದವು. ನೂರಕ್ಕೆ 54 ತಾಯಂದಿರಿಗೆ ಬಿಪಿ ಇತ್ತು, 27 ಮಂದಿಗೆ ಪ್ರೀ-ಎಕ್ಲಾಂಪ್ಸಿಯ ಎಂಬ ಬಸಿರಿನ ಬಿಪಿ ಕಾಯಿಲೆ ಬಂತು, 8 ಮಂದಿಗೆ ಸಕ್ಕರೆ ಕಾಣಿಸಿಕೊಂಡಿತು. ಸುಮಾರು 46 ಹೆರಿಗೆಗಳು ಅವಧಿಗೆ ಮುಂಚೆಯೇ ಆದವು. ಶಿಶುಗಳ ಸರಾಸರಿ ತೂಕ 2,420 ಗ್ರಾಂ. ಅಂದರೆ ನಾಲ್ವರಲ್ಲಿ ಹೆಚ್ಚುಕಡಿಮೆ ಮೂವರಿಗೆ ಮಗು ಸಿಗುತ್ತದೆ. ಆದರೆ ಅದು ಒಂದು ತಿಂಗಳು ಮುಂಚೆ, ಚಿಕ್ಕದಾಗಿ ಬರಬಹುದು ಎಂದು ಮನೆಯವರು ತಿಳಿದುಕೊಂಡಿರಬೇಕು.

ಪ್ರೀ-ಎಕ್ಲಾಂಪ್ಸಿಯ ತಡೆಯಲು ಮೂರನೇ ತಿಂಗಳು ಮುಗಿಯುವಾಗ ಕಡಿಮೆ ಪ್ರಮಾಣದ ಆಸ್ಪಿರಿನ್ ಆರಂಭಿಸುತ್ತಾರೆ. ಮನೆಯಲ್ಲೊಂದು ಬಿಪಿ ಯಂತ್ರವಿದ್ದು ದಿನಾ ನೋಡಿ ಬರೆದಿಟ್ಟರೆ ವೈದ್ಯರಿಗೆ ಬಹಳ ಸಹಾಯ. ಮೂತ್ರದ ಸೋಂಕು ಇವರಿಗೆ ಪದೇಪದೇ ಬರುತ್ತದೆ, ಉರಿ ಇಲ್ಲದೆಯೂ ಇರಬಹುದು. ಹೀಗಾಗಿ ತಿಂಗಳಿಗೊಮ್ಮೆ ಮೂತ್ರದ ಕಲ್ಚರ್ ಪರೀಕ್ಷೆ ಬೇಕು. ಕ್ರಿಯಾಟಿನಿನ್ ವಿಷಯದಲ್ಲಿ ಲ್ಯಾಬಿನ ಚೀಟಿಯನ್ನು ನಂಬಿ ಕೂರಬಾರದು. ಬಸಿರಿನಲ್ಲಿ ಅದು ಇಳಿಯುವುದು ಸಹಜ. ಹಿಂದೆ 0.9 ಇದ್ದದ್ದು 1.2 ಆದರೆ ಚೀಟಿಯಲ್ಲಿ ನಾರ್ಮಲ್ ಎಂದೇ ಇರಬಹುದು, ಆದರೆ ಕಿಡ್ನಿ ವೈದ್ಯರಿಗೆ ಅದು ಎಚ್ಚರಿಕೆಯ ಗಂಟೆ. ಐದನೇ ತಿಂಗಳಿನ ಸ್ಕ್ಯಾನಿಂಗ್ ಯಾವ ಕಾರಣಕ್ಕೂ ತಪ್ಪಬಾರದು. ಈ ಜಿಲ್ಲೆಯಲ್ಲಿ ಸ್ಕ್ಯಾನಿಂಗ್ ಎಂದೊಡನೆ 2023ರಲ್ಲಿ ಆಲೆಮನೆಯೊಂದರಲ್ಲಿ ಪತ್ತೆಯಾದ ಭ್ರೂಣಲಿಂಗ ದಂಧೆ ನೆನಪಿಗೆ ಬರುತ್ತದೆ, ಹೆಸರು ಕೆಟ್ಟಿದೆ. ಆದರೆ ನಾವು ಹೇಳುತ್ತಿರುವುದು ಶಿಶುವಿನ ಹೃದಯ, ಬೆನ್ನುಹುರಿ, ಬೆಳವಣಿಗೆ ನೋಡುವ ಪರೀಕ್ಷೆಯನ್ನು.

ಬಸಿರು ಬೆಳೆದಂತೆ ರಕ್ತದಲ್ಲಿ ಟ್ಯಾಕ್ರೋಲಿಮಸ್ ಮಟ್ಟ ಇಳಿಯುತ್ತದೆ. ಡೋಸ್ ಏರಿಸಬೇಕಾಗುತ್ತದೆ, ಹೆರಿಗೆಯ ನಂತರ ಮತ್ತೆ ಇಳಿಸಬೇಕಾಗುತ್ತದೆ. ಇದಕ್ಕೆ ರಕ್ತಪರೀಕ್ಷೆ ಆಗಬೇಕಾದದ್ದು ಬೆಳಗಿನ ಮಾತ್ರೆ ನುಂಗುವ ಮುಂಚೆ, ರಾತ್ರಿಯ ಮಾತ್ರೆಗೆ ಹನ್ನೆರಡು ಗಂಟೆ ತುಂಬುವಾಗ. ಮಳವಳ್ಳಿಯಿಂದ ಮುಂಜಾನೆಯ ಬಸ್ಸು ಹತ್ತುವವಳು ಮಾತ್ರೆ ನುಂಗಿಯೇ ಹೊರಟರೆ ಅಂದಿನ ಪರೀಕ್ಷೆ ದಂಡ. ಮಾತ್ರೆಯನ್ನು ಡಬ್ಬಿಯಲ್ಲಿಟ್ಟುಕೊಂಡು ಹೋಗಿ, ರಕ್ತ ಕೊಟ್ಟ ಕೂಡಲೇ ನುಂಗಬೇಕು. ಮಳವಳ್ಳಿಗೆ ರೈಲಿಲ್ಲ. ಮಂಡ್ಯ, ಮದ್ದೂರಿನವರಿಗಾದರೆ ಬೆಂಗಳೂರು-ಮೈಸೂರು ರೈಲಿನ ಅನುಕೂಲವಿದೆ.

ಎಲ್ಲಿಗೆ ಹೋಗಬೇಕು? ಮಂಡ್ಯದಿಂದ ಮೈಸೂರು ಸುಮಾರು 45 ಕಿಲೋಮೀಟರ್, ಬೆಂಗಳೂರು 100. ಕಸಿಯಾದ ಆಸ್ಪತ್ರೆ ಯಾವ ಕಡೆಗಿದೆಯೋ ಹೆರಿಗೆಯನ್ನೂ ಆ ಕಡೆಗೇ ಇಟ್ಟುಕೊಳ್ಳುವುದು ಒಳ್ಳೆಯದು ಎಂಬುದು ನಮ್ಮ ಅಭಿಪ್ರಾಯ. ಬೆಂಗಳೂರಿನಲ್ಲಿ ಸರಕಾರದ ನೆಫ್ರೋ ಯೂರಾಲಜಿ ಸಂಸ್ಥೆ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿದೆ, ಹೆರಿಗೆಗೆ ಹೆಸರಾದ ವಾಣಿ ವಿಲಾಸ ಆಸ್ಪತ್ರೆ ಅದಕ್ಕೆ ಅಂಟಿಕೊಂಡೇ ಇದೆ. ಬಡವರಿಗೆ ಇದು ದೊಡ್ಡ ಅನುಕೂಲ. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ಎರಡೂ ವಿಭಾಗಗಳಿವೆ. ಮೈಸೂರಿನಲ್ಲಿ ಜೆಎಸ್‌ಎಸ್, ಅಪೋಲೊ ಬಿಜಿಎಸ್ ಆಸ್ಪತ್ರೆಗಳಿವೆ, ಸರಕಾರಿ ಹೆರಿಗೆಗೆ ಚೆಲುವಾಂಬ ಆಸ್ಪತ್ರೆಯಿದೆ. ಮಂಡ್ಯದ ಮಿಮ್ಸ್ ಆಸ್ಪತ್ರೆಯನ್ನು ಕಡೆಗಣಿಸಬಾರದು. ತಿಂಗಳ ತಪಾಸಣೆ, ತುರ್ತು ಸಂದರ್ಭಗಳಿಗೆ ಹತ್ತಿರದ ದೊಡ್ಡ ಆಸ್ಪತ್ರೆ ಅದೇ. ಕಸಿಯ ವೈದ್ಯರಿಂದ ಒಂದು ಪತ್ರ ಬರೆಸಿಕೊಂಡು ಮೊದಲೇ ಅಲ್ಲಿಯ ಹೆರಿಗೆ ವೈದ್ಯರಿಗೆ ಮುಖ ತೋರಿಸಿ ಬಂದಿರಬೇಕು.

ಆಶಾ ಕಾರ್ಯಕರ್ತೆ ಕೊಡುವ ತಾಯಿ ಕಾರ್ಡಿನಲ್ಲಿ "ಕಿಡ್ನಿ ಕಸಿಯಾಗಿದೆ" ಎಂದು ಮೊದಲ ಪುಟದಲ್ಲೇ ಬರೆಸಿ. ಪ್ರತಿ ತಿಂಗಳು 9ರಂದು ಸರಕಾರಿ ಆಸ್ಪತ್ರೆಗಳಲ್ಲಿ ನಡೆಯುವ ಸುರಕ್ಷಿತ ಮಾತೃತ್ವ ಅಭಿಯಾನದ ತಪಾಸಣೆಯಲ್ಲಿ ಅಪಾಯದ ಬಸಿರಿಗೆ ಕೆಂಪು ಗುರುತು ಅಂಟಿಸುತ್ತಾರೆ, ಅದಕ್ಕೆ ನಾಚಿಕೆಪಡಬೇಕಾಗಿಲ್ಲ. ಕಸಿಯ ಸಾರಾಂಶ ಪತ್ರ, ಮಾತ್ರೆಗಳ ಪಟ್ಟಿ, ಬಿಪಿ ಬರೆದ ಪುಸ್ತಕ ಒಂದೇ ಫೈಲಿನಲ್ಲಿರಲಿ. ವಾಹನದ ಬಗ್ಗೆ ಒಂದು ಮಾತು: ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿಯ ಮುಖ್ಯ ರಸ್ತೆಗೆ 2023ರ ಆಗಸ್ಟಿನಿಂದ ಆಟೋ, ಬೈಕುಗಳಿಗೆ ಪ್ರವೇಶವಿಲ್ಲ. ಏಳನೇ ತಿಂಗಳಿನಿಂದಲೇ ಒಂದು ಕಾರಿನವರನ್ನು ಗೊತ್ತುಮಾಡಿಟ್ಟುಕೊಳ್ಳಬೇಕು, 108 ಅಂತೂ ಇದ್ದೇ ಇದೆ. ತಲೆನೋವು, ಕಣ್ಣು ಮಂಜಾಗುವುದು, ಮುಖ ಊದುವುದು, ಜ್ವರ, ಮೂತ್ರ ಕಡಿಮೆಯಾಗುವುದು, ಕಸಿಯಾದ ಜಾಗದಲ್ಲಿ ನೋವು ಇವುಗಳಲ್ಲಿ ಯಾವುದು ಬಂದರೂ ಬೆಳಗಾಗಲಿ ಎಂದು ಕಾಯಬಾರದು. ವಾಂತಿಯಿಂದ ಮಾತ್ರೆ ಹೊಟ್ಟೆಯಲ್ಲಿ ನಿಲ್ಲದಿದ್ದರೂ ಅದೇ ದಿನ ತಿಳಿಸಬೇಕು.

ಕಸಿ ಮಾಡಿದ ಕಿಡ್ನಿಯನ್ನು ಇಡುವುದು ಕಿಬ್ಬೊಟ್ಟೆಯ ಒಂದು ಬದಿಯಲ್ಲಿ. ಅದು ಮಗುವಿನ ದಾರಿಗೆ ಅಡ್ಡ ಬರುವುದಿಲ್ಲ, ಸಹಜ ಹೆರಿಗೆ ಸಾಧ್ಯ. ಸಿಸೇರಿಯನ್ ಬೇಕಾದರೆ ಕಿಡ್ನಿ ಯಾವ ಬದಿಯಲ್ಲಿದೆಯೆಂದು ಶಸ್ತ್ರವೈದ್ಯರಿಗೆ ಗೊತ್ತಿರಬೇಕು. ಟ್ಯಾಕ್ರೋಲಿಮಸ್, ಅಜಾಥಯೊಪ್ರಿನ್, ಪ್ರೆಡ್ನಿಸೊಲೋನ್ ಎದೆಹಾಲಿನಲ್ಲಿ ಬಹಳ ಕಡಿಮೆ ಸೇರುವುದರಿಂದ ವೈದ್ಯರ ಒಪ್ಪಿಗೆಯಿಂದ ಹಾಲುಣಿಸಬಹುದು. ಮೈಕೋಫಿನೊಲೇಟ್ ಮರಳಿ ಆರಂಭಿಸಿದರೆ ಹಾಲುಣಿಸಬಾರದು.

ಮದುವೆಯ ಮಾತಿಗೆ ಬಂದರೆ ನಮಗೆ ಬೇಸರವಾಗುತ್ತದೆ. ರಾಷ್ಟ್ರೀಯ ಅಂಗಾಂಗ ಕಸಿ ಸಂಸ್ಥೆಯ ಲೆಕ್ಕದಂತೆ 1995ರಿಂದ 2021ರ ತನಕ ದೇಶದಲ್ಲಿ ನಡೆದ 36,640 ಕಸಿಗಳಲ್ಲಿ ಗಂಡಸರಿಗೆ ಸಿಕ್ಕಿದ್ದು 29,695, ಹೆಂಗಸರಿಗೆ 6,945. ಬದುಕಿರುವಾಗಲೇ ಅಂಗ ಕೊಡುವವರಲ್ಲಿ ಹೆಚ್ಚಿನವರು ಹೆಂಗಸರೇ. ಐವರಲ್ಲಿ ಒಬ್ಬಳಾಗಿ ಕಸಿ ಪಡೆದ ಹುಡುಗಿಗೆ ಸಂಬಂಧ ನೋಡುವಾಗ ವಿಷಯ ಮುಚ್ಚಿಡುವವರಿದ್ದಾರೆ. ಮುಚ್ಚಿಟ್ಟ ಮನೆಯಲ್ಲಿ ಅವಳು ಮಾತ್ರೆಗಳನ್ನು ಕದ್ದು ನುಂಗಬೇಕು, ತಪಾಸಣೆಗೆ ಸುಳ್ಳು ಹೇಳಿ ಹೋಗಬೇಕು. ಬಸಿರಿನಲ್ಲಿ ಇದು ನಡೆಯುವ ಮಾತಲ್ಲ. ಧರ್ಮಕೇಂದ್ರಗಳ ವಿವಾಹ ಸಿದ್ಧತಾ ಶಿಬಿರ ನಡೆಸುವವರು ಇಂಥ ಜೋಡಿ ಬಂದರೆ ಇಬ್ಬರನ್ನೂ ಕಿಡ್ನಿ ವೈದ್ಯರ ಬಳಿಗೆ ಒಟ್ಟಿಗೆ ಕಳಿಸಬೇಕು. ಬಸಿರು ಬೇಡವೆಂದು ವೈದ್ಯರು ಹೇಳಿದ ಹೆಣ್ಣುಮಗಳನ್ನು ಬಂಜೆ ಎಂದು ಚುಚ್ಚುವ ನಾಲಿಗೆಗಳಿಗೆ ಎದುರಾಡುವ ಕೆಲಸವೂ ನಮ್ಮದೇ. ಕಾನೂನುಬದ್ಧ ದತ್ತು ಸ್ವೀಕಾರದ ದಾರಿ ಅವರಿಗೆ ತೆರೆದಿದೆ.

ಅಂಗದಾನವನ್ನು ಪ್ರೀತಿಯ ಕಾರ್ಯವೆಂದು ಪೋಪ್ ದ್ವಿತೀಯ ಜಾನ್ ಪಾಲ್ 2000ದ ಆಗಸ್ಟಿನಲ್ಲಿ ರೋಮಿನಲ್ಲಿ ಕಸಿ ತಜ್ಞರ ಸಮ್ಮೇಳನದಲ್ಲಿ ಹೇಳಿದ್ದರು. ಆದರೆ ಅಣ್ಣನಿಗೋ ತಾಯಿಗೋ ಕಿಡ್ನಿ ಕೊಟ್ಟ ಹುಡುಗಿಗೂ ಬಸಿರಿನಲ್ಲಿ ಎಚ್ಚರ ಬೇಕು. ಕೆನಡಾದಲ್ಲಿ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕಿಡ್ನಿ ಕೊಟ್ಟವರ ಬಸಿರುಗಳಲ್ಲಿ ನೂರಕ್ಕೆ 11ರಲ್ಲಿ ಬಸಿರಿನ ಬಿಪಿ ಅಥವಾ ಪ್ರೀ-ಎಕ್ಲಾಂಪ್ಸಿಯ ಕಂಡುಬಂತು, ಕೊಡದವರಲ್ಲಿ 5ರಲ್ಲಿ. ಹೆಚ್ಚಿನವರಿಗೆ ಏನೂ ತೊಂದರೆಯಾಗಲಿಲ್ಲ. ಆದರೂ ಅವಳ ತಾಯಿ ಕಾರ್ಡಿನಲ್ಲೂ ಈ ವಿಷಯ ಬರೆದಿರಬೇಕು.

ಮಗು ಮನೆಗೆ ಬಂದ ಮೇಲೆ ಲಸಿಕೆಯದ್ದೊಂದು ವಿಷಯ ಉಳಿದಿದೆ. ತಾಯಿ ತೆಗೆದುಕೊಂಡ ಮಾತ್ರೆಗಳ ಪಟ್ಟಿಯನ್ನು ಮಕ್ಕಳ ವೈದ್ಯರಿಗೆ ತೋರಿಸಿ, ಬಿಸಿಜಿ, ರೋಟಾ ಲಸಿಕೆಗಳನ್ನು ಯಾವಾಗ ಹಾಕಬೇಕೆಂದು ಕೇಳಿಕೊಳ್ಳಿ. ಪೋಲಿಯೋ ಹನಿಯಲ್ಲಿರುವುದು ಜೀವಂತ ವೈರಸ್. ಹನಿ ಹಾಕಿಸಿಕೊಂಡ ಮಗುವಿನ ಮಲದಲ್ಲಿ ಅದು ಕೆಲವು ವಾರ ಹೊರಬೀಳುತ್ತದೆ, ರೋಧಶಕ್ತಿ ಕಡಿಮೆಯಿರುವ ತಾಯಿಗೆ ಅದು ಒಳ್ಳೆಯದಲ್ಲ. ಹನಿಯ ಬದಲು ಚುಚ್ಚುಮದ್ದು ಸಾಕೇ ಎಂದು ವೈದ್ಯರನ್ನು ಕೇಳಬೇಕು. ಹನಿ ಹಾಕಿಸಿದ್ದರೆ ಆ ವಾರಗಳಲ್ಲಿ ಮಗುವಿನ ಬಟ್ಟೆ ಬದಲಿಸುವ ಕೆಲಸವನ್ನು ಅಜ್ಜಿಯೋ ಗಂಡನೋ ವಹಿಸಿಕೊಳ್ಳಲಿ. ತಾಯಿಯೇ ಮಾಡಬೇಕಾಗಿ ಬಂದರೆ ಸೋಪು ಹಾಕಿ ಚೆನ್ನಾಗಿ ಕೈ ತೊಳೆಯಬೇಕು.